ಕೊನೆಯ ಕೊಂಡಿಯ ಹಿರಿಮೆ

ಮನುಷ್ಯನ ಸಾಧನೆಗಳ ಚರಿತ್ರೆಯನ್ನು ಮಕ್ಕಳಿಗೆ ಹೇಳಿಕೊಡುವಾಗ ಅದನ್ನು ಒಂದು ಮೆಟ್ಟಿಲುಸಾಲಿನಂತೆ ಚಿತ್ರಿಸುವುದು ವಾಡಿಕೆಯಾಗಿದೆ. ಕುದುರೆಗಾಡಿ ಹೋಯಿತು, ಉಗಿಬಂಡಿ ಬಂದಿತು. ಪ್ರೊಪೆಲ್ಲರ್ ವಿಮಾನ ಹೋಯಿತು, ಜೆಟ್ ವಿಮಾನ ಬಂದಿತು ಎಂದು ಎರಡು ವಾಕ್ಯಗಳಲ್ಲಿ ಯುಗಗಳನ್ನೇ ದಾಟಿಬಿಡುವುದು ಸುಲಭ. ಹೊಸದು ಹುಟ್ಟಿದ ದಿನವೇ ಹಳೆಯದು ಸತ್ತಿತೆಂಬ ಭಾವನೆ ಇದರಿಂದ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಹಳೆಯದನ್ನು ಇನ್ನೂ ಕೈಯಲ್ಲಿ ಹಿಡಿದವನು ಹಿಂದುಳಿದವನೆಂದೂ, ಹೊಸದನ್ನು ಮೊದಲು ತಂದವನೇ ಜಾಣನೆಂದೂ ತೀರ್ಪು ಕೊಡುವ ಅಭ್ಯಾಸ ಅಲ್ಲಿಂದಲೇ ಮೊದಲಾಗುತ್ತದೆ. ಈ ತೀರ್ಪು ಎಷ್ಟು ಅವಸರದ್ದು ಎಂಬುದಕ್ಕೆ ಬ್ರಿಟಿಷ್ ನೌಕಾಪಡೆಯ ಕಟ್ಟಕಡೆಯ ಪಿಸ್ಟನ್ ಎಂಜಿನಿನ ಯುದ್ಧವಿಮಾನವಾದ ‘ಸೀ ಫ್ಯೂರಿ’ಯ ವೃತ್ತಾಂತಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಅಪರೂಪ.

1945ನೆಯ ಇಸವಿ ಡಿಸೆಂಬರ್ 3ರಂದು ಎರಿಕ್ ಬ್ರೌನ್ ಎಂಬ ಬ್ರಿಟಿಷ್ ವೈಮಾನಿಕರು ‘ಸೀ ವ್ಯಾಂಪೈರ್’ ಎಂಬ ಜೆಟ್ ವಿಮಾನವನ್ನು ‘ಓಷನ್’ ಎಂಬ ವಿಮಾನವಾಹಕ ನೌಕೆಯ ಮೇಲೆ ಇಳಿಸಿದರು. ಚಲಿಸುವ ಹಡಗಿನ ಮೇಲೆ ಜೆಟ್ ವಿಮಾನವೊಂದು ಇಳಿದದ್ದು ಅದೇ ಮೊದಲು. ಮೆಟ್ಟಿಲುಸಾಲಿನ ಲೆಕ್ಕದಂತೆ ಪ್ರೊಪೆಲ್ಲರಿನ ಕಾಲ ಅಂದಿಗೇ ಮುಗಿಯಬೇಕಾಗಿತ್ತು. ಆದರೆ ಆರು ವರ್ಷಗಳಿಗೂ ಮಿಕ್ಕ ಕಾಲ ಕಳೆದು 1952ರಲ್ಲಿ ಅದೇ ‘ಓಷನ್’ ನೌಕೆ ಕೊರಿಯಾ ಯುದ್ಧದಲ್ಲಿ ಪಾಲ್ಗೊಂಡಾಗ ಅದರ ಮೇಲಿನಿಂದ ದಿನದಿನವೂ ಹಾರಿದವು ಜೆಟ್ ವಿಮಾನಗಳಲ್ಲ, ಸೀ ಫ್ಯೂರಿಗಳು. ಜೆಟ್ ಯುಗದ ಬಾಗಿಲು ತೆರೆದ ಹಡಗೇ ಪ್ರೊಪೆಲ್ಲರ್ ವಿಮಾನಗಳನ್ನು ಹೊತ್ತುಕೊಂಡು ಯುದ್ಧಕ್ಕೆ ಹೋದದ್ದು ಏಕೆ? ಇದು ಅಧಿಕಾರಿಗಳ ಜಡತನವೇ, ಅಥವಾ ವಿವೇಕವೇ? ಪ್ರಕೃತ ವಿಚಾರಿಸಬೇಕಾದ ಪ್ರಶ್ನೆ ಇದು.

ಸೀ ಫ್ಯೂರಿಯ ಜನ್ಮವೃತ್ತಾಂತವೇ ಸ್ವಾರಸ್ಯಕರವಾದುದು. 1942ರ ಜೂನ್ ತಿಂಗಳಲ್ಲಿ ಜರ್ಮನಿಯ ವೈಮಾನಿಕನೊಬ್ಬ ದಿಕ್ಕು ತಪ್ಪಿ, ಬ್ರಿಸ್ಟಲ್ ಕೊಲ್ಲಿಯನ್ನೇ ಇಂಗ್ಲಿಷ್ ಕಡಲ್ಗಾಲುವೆಯೆಂದು ಭ್ರಮಿಸಿ, ವೇಲ್ಸಿನ ಪೆಂಬ್ರಿ ವಿಮಾನನೆಲೆಯಲ್ಲಿ ತನ್ನ ‘ಫೋಕೆ ವುಲ್ಫ್ 190’ ವಿಮಾನವನ್ನು ತಾನಾಗಿಯೇ ಇಳಿಸಿಬಿಟ್ಟ. ಬ್ರಿಟಿಷರಿಗೆ ಬಹುಕಾಲದಿಂದ ತಲೆನೋವಾಗಿದ್ದ ಆ ವಿಮಾನ ಹೀಗೆ ಅನಾಯಾಸವಾಗಿ ಕೈಸೇರಿತು. ಅದರ ಗಾತ್ರ ಚಿಕ್ಕದು, ತೂಕ ಕಡಿಮೆ; ಆದರೂ ಗಾಳಿಯಿಂದ ತಂಪುಗೊಳ್ಳುವ ದೊಡ್ಡ ಎಂಜಿನನ್ನು ಅದರ ಮೂತಿಯಲ್ಲಿ ಅಚ್ಚುಕಟ್ಟಾಗಿ ಅಳವಡಿಸಲಾಗಿತ್ತು. ಹಾಕರ್ ಸಂಸ್ಥೆಯ ಮುಖ್ಯ ವಿನ್ಯಾಸಕಾರರಾಗಿದ್ದ ಸಿಡ್ನಿ ಕ್ಯಾಮ್ ಅವರು ಆ ವೇಳೆಗೆ ರೂಪಿಸಿದ್ದ ‘ಟೆಂಪೆಸ್ಟ್’ ವಿಮಾನ ಬಲಶಾಲಿಯಾಗಿದ್ದರೂ ಭಾರವಾಗಿತ್ತು. ಶತ್ರುವಿನ ವಿಮಾನದಿಂದ ಕಲಿತ ಪಾಠವನ್ನು ತಮ್ಮ ವಿಮಾನಕ್ಕೆ ಅನ್ವಯಿಸಿ, ಟೆಂಪೆಸ್ಟನ್ನು ಹಗುರಗೊಳಿಸುವ ಕಾರ್ಯಕ್ಕೆ ಅವರು ತೊಡಗಿದರು. ಅದರ ಫಲವೇ ‘ಫ್ಯೂರಿ’. ಅದು 1944ರ ಸೆಪ್ಟೆಂಬರ್ 1ರಂದು ಮೊದಲ ಬಾರಿಗೆ ಹಾರಿತು. ಹಡಗಿನ ಮೇಲೆ ಬಳಸಲು ತಕ್ಕ ರೂಪವಾದ ‘ಸೀ ಫ್ಯೂರಿ’ 1945ರ ಫೆಬ್ರವರಿ 21ರಂದು ಹಾರಿತು.

ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಬ್ರಿಟಿಷ್ ವಾಯುಪಡೆ ತನಗಿನ್ನು ಜೆಟ್ ವಿಮಾನಗಳೇ ಸಾಕೆಂದು ಫ್ಯೂರಿಯನ್ನು ಕೈಬಿಟ್ಟಿತು. ನೌಕಾಪಡೆ ಮಾತ್ರ ಕೈಬಿಡಲಿಲ್ಲ. 1947ರಲ್ಲಿ ಸೀ ಫ್ಯೂರಿ ಸೇವೆಗೆ ಸೇರಿತು. ಒಂದೇ ದೇಶದ ಎರಡು ಪಡೆಗಳು ಒಂದೇ ಯಂತ್ರದ ವಿಷಯದಲ್ಲಿ ಎರಡು ಬಗೆಯ ನಿರ್ಣಯ ಕೈಗೊಂಡವು. ಆದರೂ ಎರಡೂ ನಿರ್ಣಯಗಳು ಸರಿಯಾಗಿದ್ದವು ಎಂಬುದು ಗಮನಾರ್ಹ. ವಾಯುಪಡೆಗೆ ಉದ್ದವಾದ, ಅಲುಗಾಡದ ನೆಲದ ಹಾದಿಯಿತ್ತು. ನೌಕಾಪಡೆಗೆ ಇದ್ದುದು ಅಲೆಗಳ ಮೇಲೆ ಏರಿಳಿಯುವ ಒಂದು ತುಂಡು ಉಕ್ಕಿನ ಕಟ್ಟೆ ಮಾತ್ರ.

ಈ ವಿಮಾನದ ಎಂಜಿನಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಬ್ರಿಸ್ಟಲ್ ಸಂಸ್ಥೆಯ ‘ಸೆಂಟಾರಸ್’ ಎಂಬ ಆ ಎಂಜಿನಿನಲ್ಲಿ ಸಾಲಿಗೆ ಒಂಬತ್ತರಂತೆ ಎರಡು ಸುತ್ತಿನಲ್ಲಿ ಜೋಡಿಸಿದ 18 ಸಿಲಿಂಡರುಗಳಿದ್ದವು. ಸಾಮಾನ್ಯ ಎಂಜಿನುಗಳಲ್ಲಿ ಮೇಲೆಕೆಳಗೆ ಬಡಿದು ಮುಚ್ಚಿ ತೆರೆಯುವ ಕವಾಟಗಳಿರುತ್ತವೆ. ಸೆಂಟಾರಸಿನಲ್ಲಿ ಅವುಗಳಿಗೆ ಬದಲಾಗಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ತೆಳುವಾದ ಉಕ್ಕಿನ ತೋಳೊಂದು ಜಾರುತ್ತ, ಹೊರಳುತ್ತ ತನ್ನ ಮೈಮೇಲಿನ ಕಿಂಡಿಗಳ ಮೂಲಕ ಇಂಧನವನ್ನು ಒಳಗೆ ಬಿಟ್ಟು, ಹೊಗೆಯನ್ನು ಹೊರಗೆ ಕಳಿಸುತ್ತಿತ್ತು. ಇಂಥ ತೋಳನ್ನು ಕೂದಲೆಳೆಯ ಅಂತರವೂ ತಪ್ಪದಂತೆ ಸಾವಿರಗಟ್ಟಲೆ ತಯಾರಿಸುವ ವಿದ್ಯೆಯನ್ನು ಕೈವಶ ಮಾಡಿಕೊಳ್ಳಲು ಬ್ರಿಸ್ಟಲಿನ ಎಂಜಿನಿಯರುಗಳು ವರ್ಷಾನುಗಟ್ಟಲೆ ಶ್ರಮಿಸಿದ್ದರು. ಸುಮಾರು 2,480 ಅಶ್ವಶಕ್ತಿಯ ಆ ಎಂಜಿನು ಐದು ಅಲಗುಗಳ ಪ್ರೊಪೆಲ್ಲರನ್ನು ತಿರುಗಿಸಿ ವಿಮಾನವನ್ನು ಗಂಟೆಗೆ ಸುಮಾರು 740 ಕಿಲೋಮೀಟರ್ ವೇಗದಲ್ಲಿ ಒಯ್ಯುತ್ತಿತ್ತು.

ಪಿಸ್ಟನ್ ಎಂಜಿನಿನ ವಿದ್ಯೆ ಮುಟ್ಟಬಹುದಾದ ತುತ್ತತುದಿ ಹೆಚ್ಚುಕಡಿಮೆ ಅದೇ ಆಗಿತ್ತು. ಅದಕ್ಕಿಂತ ಮೇಲೇರುವುದಕ್ಕೆ ಪ್ರಕೃತಿಯ ನಿಯಮವೇ ಅಡ್ಡ ನಿಂತಿತ್ತು. ಪ್ರೊಪೆಲ್ಲರಿನ ಅಲಗಿನ ತುದಿ ಶಬ್ದದ ವೇಗವನ್ನು ಸಮೀಪಿಸಿದೊಡನೆ ಎಂಜಿನಿನ ಶಕ್ತಿ ವಿಮಾನವನ್ನು ಮುಂದಕ್ಕೆ ತಳ್ಳುವ ಬದಲು ಗಾಳಿಯನ್ನು ಕಲಕುವುದರಲ್ಲೇ ವ್ಯಯವಾಗುತ್ತದೆ. ಆದ್ದರಿಂದ ಸೀ ಫ್ಯೂರಿ ತನ್ನ ಕುಲದ ಪರಿಪೂರ್ಣ ರೂಪವೂ ಹೌದು, ಆ ಕುಲದ ಎಲ್ಲೆಯ ಕಲ್ಲೂ ಹೌದು. ಅದನ್ನು ನಿರ್ಮಿಸಿದವರಿಗೆ ಇದು ತಿಳಿಯದೆ ಇರಲಿಲ್ಲ.

ಹಾಗಿದ್ದರೆ ನೌಕಾಪಡೆ ಅದನ್ನು ಏಕೆ ಇಟ್ಟುಕೊಂಡಿತು? ಉತ್ತರ ವಿಮಾನದಲ್ಲಿಲ್ಲ, ಹಡಗಿನಲ್ಲಿದೆ. ಆ ಕಾಲದ ವಿಮಾನವಾಹಕ ನೌಕೆಗಳ ಡೆಕ್ಕು ಮೂತಿಯಿಂದ ಬಾಲದವರೆಗೆ ನೇರವಾಗಿತ್ತು. ‘ಓಷನ್’ ನೌಕೆಯ ಒಟ್ಟು ಉದ್ದ ಸುಮಾರು 212 ಮೀಟರ್. ಹಿಂಭಾಗದಿಂದ ಬಂದ ವಿಮಾನ ತನ್ನ ಬಾಲದ ಕೊಕ್ಕೆಯಿಂದ ಡೆಕ್ಕಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿದು ನಿಲ್ಲಬೇಕು. ಹಿಡಿಯದಿದ್ದರೆ ಎದುರಿಗೆ ತಡೆಬೇಲಿ. ಅದರಾಚೆ ಸಾಲಾಗಿ ನಿಲ್ಲಿಸಿದ ಇತರ ವಿಮಾನಗಳು, ಅವುಗಳ ಇಂಧನ, ಅವುಗಳ ನಡುವೆ ಕೆಲಸ ಮಾಡುವ ಜನ. ಇಳಿಯುವ ವೈಮಾನಿಕನಿಗೆ ದಾರಿ ತೋರಿಸಲು ಡೆಕ್ಕಿನ ಅಂಚಿನಲ್ಲಿ ಒಬ್ಬ ಅಧಿಕಾರಿ ಎರಡು ಕೈಗಳಲ್ಲಿ ಬಣ್ಣದ ಹಲಗೆಗಳನ್ನು ಹಿಡಿದು ಸನ್ನೆ ಮಾಡುತ್ತಿದ್ದ. ಕೊನೆಯ ಗಳಿಗೆಯಲ್ಲಿ ಆತ ‘ಬೇಡ, ಮೇಲಕ್ಕೆ ಹೋಗು’ ಎಂದು ಸನ್ನೆ ಮಾಡಿದರೆ ಪಿಸ್ಟನ್ ಎಂಜಿನು ತಕ್ಷಣ ಓಗೊಡುತ್ತಿತ್ತು. ಅಂದಿನ ಜೆಟ್ ಎಂಜಿನು ಹಾಗಲ್ಲ. ಪೂರ್ಣ ವೇಗಕ್ಕೆ ಏರಲು ಅದಕ್ಕೆ ಹಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಅಷ್ಟರಲ್ಲಿ ಮುಗಿಯಬೇಕಾದ್ದು ಮುಗಿದುಹೋಗುತ್ತಿತ್ತು. ಮೇಲಾಗಿ ಅದರ ಇಂಧನದ ಹಸಿವು ವಿಪರೀತವಾಗಿದ್ದುದರಿಂದ, ಹಡಗು ಸಿದ್ಧವಾಗುವವರೆಗೆ ಆಕಾಶದಲ್ಲಿ ಸುತ್ತುತ್ತ ಕಾಯುವ ಅವಕಾಶವೂ ವೈಮಾನಿಕನಿಗೆ ಕಡಿಮೆ. ಸೀ ಫ್ಯೂರಿಯೂ ದೋಷರಹಿತವೇನಾಗಿರಲಿಲ್ಲ. ಕಡಿಮೆ ವೇಗದಲ್ಲಿ ಎಂಜಿನನ್ನು ಒಮ್ಮೆಲೇ ರಭಸಗೊಳಿಸಿದರೆ ಆ ಬಲಕ್ಕೆ ವಿಮಾನವೇ ಪಕ್ಕಕ್ಕೆ ಹೊರಳುವ ಅಪಾಯವಿತ್ತು. ಆದರೆ ಆ ದೋಷ ಎಲ್ಲರಿಗೂ ಗೊತ್ತಿದ್ದ ದೋಷ. ಅಭ್ಯಾಸದಿಂದ ಅಂಕೆಗೆ ತರಬಹುದಾದ ದೋಷ.

ಜೆಟ್ ವಿಮಾನ ಹಡಗಿನ ಮೇಲೆ ಸುರಕ್ಷಿತವಾಗಿ ಬಾಳಬೇಕಾದರೆ ಮೊದಲು ಹಡಗು ಬದಲಾಗಬೇಕಾಗಿತ್ತು. ಆ ಬದಲಾವಣೆಗೆ ಮೂರು ಉಪಾಯಗಳು ಕೂಡಿಬಂದವು. ಭಾರವಾದ ಜೆಟ್ ವಿಮಾನಗಳನ್ನು ಬೀಸಿ ಎಸೆಯಬಲ್ಲ ಉಗಿಬಲದ ಕವಣೆಯನ್ನು ಕಾಲಿನ್ ಮಿಚೆಲ್ ರೂಪಿಸಿದರು. 1950ರ ದಶಕದ ಆರಂಭದಲ್ಲಿ ಅದನ್ನು ‘ಪರ್ಸಿಯಸ್’ ನೌಕೆಯ ಮೇಲೆ ಪರೀಕ್ಷಿಸಲಾಯಿತು. ಇಳಿಯುವ ಹಾದಿಯನ್ನು ಹಡಗಿನ ನಡುಗೆರೆಗೆ ಓರೆಯಾಗಿ ತಿರುಗಿಸಿದರೆ, ಹಗ್ಗ ತಪ್ಪಿದ ವಿಮಾನ ಯಾವುದಕ್ಕೂ ಡಿಕ್ಕಿ ಹೊಡೆಯದೆ ಮತ್ತೆ ಮೇಲೇರಬಹುದೆಂಬ ಸರಳವಾದ ಯೋಚನೆ 1951ರಲ್ಲಿ ಡೆನಿಸ್ ಕ್ಯಾಂಬೆಲ್ ಅವರಿಗೆ ಹೊಳೆಯಿತು. ಸನ್ನೆಯ ಹಲಗೆಗಳ ಬದಲು ಕನ್ನಡಿಯೊಂದರಲ್ಲಿ ಪ್ರತಿಫಲಿಸುವ ಬೆಳಕನ್ನು ನೋಡಿ ವೈಮಾನಿಕನೇ ತನ್ನ ಎತ್ತರವನ್ನು ಅರಿಯುವ ಉಪಾಯವನ್ನು ನಿಕೊಲಸ್ ಗುಡ್‌ಹಾರ್ಟ್ ಕಂಡುಕೊಂಡರು. ಇವು ಮೂರೂ ಒದಗುವವರೆಗೆ ಜೆಟ್ ವಿಮಾನ ಹಡಗಿಗೆ ಬಂದ ಅತಿಥಿಯಾಗಿತ್ತೇ ಹೊರತು ಮನೆಯವನಾಗಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಅಮೆರಿಕದ ನೌಕಾಪಡೆ 1950ರ ಜುಲೈ ತಿಂಗಳಲ್ಲೇ ‘ಪ್ಯಾಂಥರ್’ ಜೆಟ್ ವಿಮಾನಗಳನ್ನು ನೇರ ಡೆಕ್ಕಿನ ಹಡಗುಗಳಿಂದಲೇ ಕೊರಿಯಾದ ಮೇಲೆ ಹಾರಿಸಿತ್ತು. ಬ್ರಿಟಿಷರಲ್ಲಿಯೂ 1951ರಲ್ಲಿ ‘ಅಟ್ಯಾಕರ್’ ಜೆಟ್ ವಿಮಾನಗಳ ಮೊದಲ ದಳ ಸಿದ್ಧವಾಗಿತ್ತು. ಆದುದರಿಂದ ವಿವೇಕವೆಂದು ಹೊಗಳುವುದು ನಿಜವಾಗಿ ಬಡತನ ಮತ್ತು ವಿಳಂಬವಲ್ಲವೇ ಎಂದು ಯಾರಾದರೂ ಕೇಳಬಹುದು. ಬಡತನವಿದ್ದುದು ನಿಜ, ಯುದ್ಧದಿಂದ ಬಳಲಿದ್ದ ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ಆದರೆ ಅಮೆರಿಕದ ಹಡಗುಗಳು ‘ಓಷನ್’ ನೌಕೆಗಿಂತ ಬಹಳ ದೊಡ್ಡವು; ಆ ಅಮೆರಿಕವೂ ಕೊರಿಯಾ ಯುದ್ಧ ಮುಗಿಯುವವರೆಗೆ ‘ಕೋರ್ಸೇರ್’ ಎಂಬ ತನ್ನ ಪಿಸ್ಟನ್ ವಿಮಾನವನ್ನು ಬಿಟ್ಟುಕೊಡಲಿಲ್ಲ. ಶ್ರೀಮಂತನೂ ಬಡವನೂ ಒಂದೇ ತೀರ್ಮಾನಕ್ಕೆ ಬಂದಾಗ ಅದಕ್ಕೆ ಬಡತನವೊಂದೇ ಕಾರಣವೆನ್ನಲಾಗದು. ಸೇತುವೆ, ರೈಲುಹಾದಿ, ಸೈನ್ಯದ ಸರಕುಗಳ ಮೇಲೆ ಬಾಂಬು ಹಾಕುವುದು ಅಲ್ಲಿನ ಮುಖ್ಯ ಕಾರ್ಯವಾಗಿತ್ತು. ಅದಕ್ಕೆ ಬೇಕಾದುದು ಅತಿವೇಗವಲ್ಲ. ಹೆಚ್ಚು ಹೊತ್ತು ಆಕಾಶದಲ್ಲಿದ್ದು, ಭಾರ ಹೊತ್ತು, ಮರಳಿ ಹಡಗು ಸೇರುವ ಸಾಮರ್ಥ್ಯ.

ಆ ಕಾರ್ಯ ಸುಲಭವೂ ಆಗಿರಲಿಲ್ಲ. ನೆಲದಿಂದ ಹಾರುವ ಗುಂಡುಗಳೇ ಸೀ ಫ್ಯೂರಿಗಳ ನಿಜವಾದ ಶತ್ರು. ಆಸ್ಟ್ರೇಲಿಯಾದ ‘ಸಿಡ್ನಿ’ ನೌಕೆ 1951–52ರಲ್ಲಿ ಕೊರಿಯಾದ ಕಡಲಿನಲ್ಲಿದ್ದ ಕೆಲವೇ ತಿಂಗಳುಗಳಲ್ಲಿ ಅದರ ಮೂವರು ವೈಮಾನಿಕರು ಮಡಿದರು. ಯಂತ್ರದ ಆಯ್ಕೆ ಕಾಗದದ ಮೇಲಿನ ಲೆಕ್ಕವಾಗಿ ತೋರಬಹುದು. ಅದರ ಫಲವನ್ನು ಅನುಭವಿಸುವವರು ಮಾತ್ರ ಇಪ್ಪತ್ತರ ಹರೆಯದ ಯುವಕರು. ಅಂಥವರ ಕೈಗೆ ಪಳಗದ ಯಂತ್ರವನ್ನು ಕೊಟ್ಟು, ಅಪಾಯದ ಮೇಲೆ ಅಪಾಯವನ್ನು ಹೇರದಿರುವುದು ಅಧಿಕಾರದಲ್ಲಿದ್ದವರ ಮೊದಲ ಕರ್ತವ್ಯವಾಗಿತ್ತು.

1952ರ ಆಗಸ್ಟ್ 9ರಂದು ‘ಓಷನ್’ ನೌಕೆಯಿಂದ ಹೊರಟ ನಾಲ್ಕು ಸೀ ಫ್ಯೂರಿಗಳ ಮೇಲೆ ಎಂಟು ‘ಮಿಗ್ 15’ ಜೆಟ್ ವಿಮಾನಗಳು ಎರಗಿದವು. ಮಿಗ್ಗಿನ ವೇಗ ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕುದು. ಸೀ ಫ್ಯೂರಿಯ ವೈಮಾನಿಕರು ಓಡುವ ಯತ್ನ ಮಾಡದೆ, ಮಿಗ್ಗುಗಳ ಕಡೆಗೇ ಬಿಗಿಯಾಗಿ ತಿರುಗಿ, ತಮ್ಮ 20 ಮಿಲಿಮೀಟರ್ ತೋಪುಗಳಿಂದ ಒಂದು ಮಿಗ್ಗನ್ನು ನೆಲಕ್ಕೆ ಕೆಡವಿದರು, ನಾಲ್ವರೂ ಹಿಂದಿರುಗಿದರು. ಆ ಜಯ ದಳನಾಯಕರಾದ ಪೀಟರ್ ಕಾರ್ಮೈಕೇಲ್ ಅವರ ಹೆಸರಿನಲ್ಲಿ ದಾಖಲಾಯಿತು. ಇತರರೂ ಗುಂಡು ಹಾರಿಸಿದ್ದುದರಿಂದ ಗೌರವ ಯಾರಿಗೆ ಸಲ್ಲಬೇಕೆಂಬ ಚರ್ಚೆ ಮುಂದೆ ನಡೆಯಿತು. ಮರುತಿಂಗಳು ಅಮೆರಿಕದ ಕೋರ್ಸೇರ್ ವಿಮಾನವೊಂದು ಇಂಥದೇ ಸಾಹಸವನ್ನು ಮೆರೆಯಿತು.

ಈ ಘಟನೆಯನ್ನು ಹಳೆಯದರ ಅಭಿಮಾನಿಗಳು ಅತಿಯಾಗಿ ಬಳಸಿಕೊಂಡಿದ್ದಾರೆ. ಒಂದು ದಿನದ ಗೆಲುವಿನಿಂದ ಪ್ರೊಪೆಲ್ಲರ್ ಜೆಟ್ಟಿಗಿಂತ ಮೇಲೆಂದು ಸಾಧಿಸುವುದು ತರ್ಕವಲ್ಲ, ಅದು ಹಟ. ಅಂದು ಗೆದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಆ ಯಂತ್ರದ ಗುಣದೋಷಗಳನ್ನೆಲ್ಲ ಬಲ್ಲವರ ಪರಿಣತಿ. ತನ್ನಲ್ಲಿರುವುದನ್ನು ಪೂರ್ತಿಯಾಗಿ ಅರಿತವನು, ತನ್ನಲ್ಲಿರುವುದನ್ನು ಅರ್ಧ ಅರಿತವನನ್ನು ಎದುರಿಸಬಲ್ಲ ಎಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ. ಇನ್ನೊಂದು ವಿಪರ್ಯಾಸವನ್ನೂ ಮರೆಯಬಾರದು. ಮಿಗ್ 15ರ ಎಂಜಿನಿಗೆ ಮೂಲವಾದುದು ರೋಲ್ಸ್ ರಾಯ್ಸ್ ಸಂಸ್ಥೆಯ ‘ನೀನ್’ ಎಂಜಿನು. 1946ರಲ್ಲಿ ಅದನ್ನು ಸೋವಿಯತ್ ದೇಶಕ್ಕೆ ಮಾರಲು ಒಪ್ಪಿದುದು ಬ್ರಿಟಿಷ್ ಸರಕಾರವೇ. ಹೊಸ ವಿದ್ಯೆ ಯಾರೊಬ್ಬರ ಸ್ವತ್ತಾಗಿಯೂ ಉಳಿಯುವುದಿಲ್ಲ.

ಸೀ ಫ್ಯೂರಿಯ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮನನೀಯವಾದುದು ಅದರ ವಿನ್ಯಾಸಕಾರರ ನಡೆ. ಸಿಡ್ನಿ ಕ್ಯಾಮ್ ತಮ್ಮ ಕೃತಿಯ ಪರಿಪೂರ್ಣತೆಗೆ ಮರುಳಾಗಿ ಕೂರಲಿಲ್ಲ. ಫ್ಯೂರಿ ಇನ್ನೂ ಹೊಸದಾಗಿದ್ದಾಗಲೇ ಅದರ ಒಡಲಿನಲ್ಲಿ ನೀನ್ ಜೆಟ್ ಎಂಜಿನನ್ನು ಇಡುವ ಯೋಜನೆಯನ್ನು ಅವರ ತಂಡ ಕೈಗೆತ್ತಿಕೊಂಡಿತ್ತು. ಆ ಯೋಜನೆ ಬೆಳೆದು, ರೂಪಾಂತರ ಹೊಂದಿ, 1947ರ ಸೆಪ್ಟೆಂಬರ್ 2ರಂದು ಹಾರಿದ ಹೊಸ ವಿಮಾನವಾಯಿತು. ಅದರಿಂದ ಮೂಡಿಬಂದುದೇ ‘ಸೀ ಹಾಕ್’. 1953ರಿಂದ ಸೀ ಹಾಕ್ ಸೇವೆಗೆ ಬರತೊಡಗಿದಂತೆ ಸೀ ಫ್ಯೂರಿ ಮುಂಚೂಣಿಯಿಂದ ಹಿಂದೆ ಸರಿಯಿತು. ಮೀಸಲು ದಳಗಳಲ್ಲಿ ಇನ್ನೂ ಕೆಲವು ವರ್ಷ ತರುಣರನ್ನು ಪಳಗಿಸಿ ನಿವೃತ್ತವಾಯಿತು. ತನ್ನ ಸ್ಥಾನವನ್ನು ಕಿತ್ತುಕೊಂಡುದು ತನ್ನ ವಂಶದ ಕುಡಿಯೇ ಆದದ್ದು ಯಾವ ಹಿರಿಯನಿಗೂ ಸಮಾಧಾನದ ಸಂಗತಿ.

ಆ ಕುಡಿ ಭಾರತಕ್ಕೂ ಬಂದಿತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ಭಾರತೀಯ ನೌಕಾಪಡೆಗೆ ಸೇರಿದ ‘ವಿಕ್ರಾಂತ’ ನೌಕೆಯ ಯುದ್ಧವಿಮಾನ ಸೀ ಹಾಕ್ ಆಗಿತ್ತು. ವಿಕ್ರಾಂತದ ಕಟ್ಟೋಣ ಮೊದಲಾದದ್ದು 1943ರಲ್ಲಿ. 1946ರಲ್ಲಿ ಅರ್ಧಕ್ಕೆ ನಿಂತ ಆ ಹಡಗನ್ನು ಭಾರತ 1957ರಲ್ಲಿ ಕೊಂಡು, ಓರೆ ಡೆಕ್ಕನ್ನೂ ಉಗಿಬಲದ ಕವಣೆಯನ್ನೂ ಅಳವಡಿಸಿ ಪೂರ್ಣಗೊಳಿಸಿಕೊಂಡಿತು. ಜೆಟ್ಟಿಗೆ ತಕ್ಕ ಹಡಗು, ಹಡಗಿಗೆ ತಕ್ಕ ಜೆಟ್ ಎರಡೂ ಒಟ್ಟಿಗೆ ಬಂದವು. 1971ರ ಡಿಸೆಂಬರಿನಲ್ಲಿ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರುಗಳ ಮೇಲೆ ವಿಕ್ರಾಂತದ ಸೀ ಹಾಕುಗಳು ನಡೆಸಿದ ದಾಳಿ ಇತಿಹಾಸಪ್ರಸಿದ್ಧವಾಗಿದೆ.

ಬೆಂಗಳೂರಿಗೂ ಈ ಕಥೆಗೂ ಇನ್ನೊಂದು ನಂಟಿದೆ. ವೇಲ್ಸಿನಲ್ಲಿ ದಾರಿತಪ್ಪಿ ಇಳಿದು ಫ್ಯೂರಿಯ ಕಲ್ಪನೆಗೆ ಪ್ರೇರಣೆ ನೀಡಿದ ಆ ಜರ್ಮನ್ ವಿಮಾನದ ವಿನ್ಯಾಸಕಾರರು ಕುರ್ಟ್ ಟ್ಯಾಂಕ್. ಯುದ್ಧಾನಂತರ ಅರ್ಜೆಂಟೀನಾದಲ್ಲಿ ಕೆಲಕಾಲವಿದ್ದ ಅವರು 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಭಾರತೀಯ ಎಂಜಿನಿಯರುಗಳ ಜೊತೆಗೂಡಿ ‘ಮರುತ್’ ಜೆಟ್ ಯುದ್ಧವಿಮಾನವನ್ನು ರೂಪಿಸಿದರು. ಅದು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಮರುತ್ತಿನ ಒಡಲು ಸೊಗಸಾದುದು. ಆದರೆ ಆ ಒಡಲಿಗೆ ತಕ್ಕಷ್ಟು ಬಲದ ಎಂಜಿನು ಅದಕ್ಕೆ ಕಡೆಯವರೆಗೂ ದೊರೆಯಲಿಲ್ಲ. ನಿರ್ಮಿಸಿದವರ ನಿರೀಕ್ಷೆಯ ವೇಗವನ್ನು ಅದು ಮುಟ್ಟದೆ ಹೋದುದಕ್ಕೆ ಅದೇ ಕಾರಣ. ಹೊಸದೊಂದು ಸಫಲವಾಗಬೇಕಾದರೆ ಅದರ ಎಲ್ಲ ಅಂಗಗಳೂ ಒಟ್ಟಿಗೆ ಹಣ್ಣಾಗಬೇಕು ಎಂಬ ಮಾತನ್ನು ಕನ್ನಡ ನೆಲದಲ್ಲೇ ಹುಟ್ಟಿದ ಆ ವಿಮಾನವೂ ಸಾರುತ್ತದೆ.

ಇವೆಲ್ಲದರಿಂದ ಹೊರಡುವ ತಾತ್ಪರ್ಯವಿಷ್ಟು. ಹೊಸದನ್ನು ತಡೆಯುವುದು ಮೌಢ್ಯ. ಬ್ರಿಟಿಷ್ ನೌಕಾಪಡೆ ಹಾಗೆ ಮಾಡಲಿಲ್ಲ. ಒಂದು ಕೈಯಲ್ಲಿ ಸೀ ಫ್ಯೂರಿಯನ್ನು ಹಾರಿಸುತ್ತಲೇ ಇನ್ನೊಂದು ಕೈಯಲ್ಲಿ ಕವಣೆಯನ್ನೂ ಓರೆ ಡೆಕ್ಕನ್ನೂ ಕನ್ನಡಿಯನ್ನೂ ಸಿದ್ಧಪಡಿಸಿತು. ಆದರೆ ಹೊಸದು ಕಾಲೂರುವ ಮುನ್ನವೇ ಹಳೆಯದನ್ನು ಎಸೆಯುವುದೂ ಅಷ್ಟೇ ದೊಡ್ಡ ಮೌಢ್ಯ. ಆಚೆ ದಡ ಮುಟ್ಟುವ ಮೊದಲೇ ದೋಣಿಯನ್ನು ಒದ್ದವನ ಪಾಡು ಅದು. ಹಳೆಯದನ್ನು ಉಳಿಸಿಕೊಂಡ ಕಾಲವನ್ನು ಹೊಸದರ ಸಿದ್ಧತೆಗೆ ಬಳಸಿದರೆ ಅದು ವಿವೇಕ. ಬಳಸದಿದ್ದರೆ ಅದೇ ಆಲಸ್ಯ. ಇವೆರಡಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ಒಳಗೆ ನಡೆಯುವ ಕೆಲಸದಿಂದಲೇ ಅದನ್ನು ಗುರುತಿಸಬೇಕು.

ಶಾಲೆಯ ಪಾಠಗಳಲ್ಲಿ ವಿಮಾನದ ಕಥೆ ರೈಟ್ ಸಹೋದರರಿಂದ ನೆಗೆದು ಜೆಟ್ಟಿಗೆ ಬಂದು ನಿಲ್ಲುತ್ತದೆ. ನಡುವೆ ಬಂದ ಸೆಂಟಾರಸ್ ಎಂಜಿನಿನ ತೋಳು, ಕ್ಯಾಂಬೆಲ್ಲರ ಓರೆಗೆರೆ, ಗುಡ್‌ಹಾರ್ಟರ ಕನ್ನಡಿ ಇವುಗಳಿಗೆ ಅಲ್ಲಿ ಎಡೆಯಿಲ್ಲ. ಆದರೆ ವಿದ್ಯಾರ್ಥಿ ನಾಳೆ ಬದುಕಬೇಕಾದುದು ಇಂಥ ಸಂಧಿಕಾಲಗಳಲ್ಲೇ. ತಾನು ಕಲಿತ ವಿದ್ಯೆ ಹಳತಾಗುವುದನ್ನು ಕಣ್ಣಾರೆ ಕಂಡೂ ಎದೆಗುಂದದೆ, ಅದನ್ನು ಪೂರ್ಣವಾಗಿ ಬಳಸಿ, ಮುಂದಿನದಕ್ಕೆ ದಾರಿಮಾಡುವುದನ್ನು ಅವನು ಕಲಿಯಬೇಕಾಗಿದೆ. ಮೊದಲಿಗರ ಜೊತೆಗೆ ಕೊನೆಯವರ ಕಥೆಯನ್ನೂ ಹೇಳುವ ಅಧ್ಯಾಪಕನು ಆ ಪಾಠವನ್ನು ಕಲಿಸಬಲ್ಲ. ಸರಪಳಿಯ ಕೊನೆಯ ಕೊಂಡಿ ಸಡಿಲವಾಗಿದ್ದರೆ ಮುಂದಿನ ಸರಪಳಿಯನ್ನು ಅದಕ್ಕೆ ಜೋಡಿಸಲಾಗದು. ಸೀ ಫ್ಯೂರಿ ಅಂಥ ಗಟ್ಟಿಯಾದ ಕೊಂಡಿಯಾಗಿತ್ತು ಎಂಬುದೇ ಅದರ ಹಿರಿಮೆ.